ಪ್ಲಾಸ್ಟರ್ ಆರು ವಾರ, ಬೂಟು ನಾಲ್ಕು ವರ್ಷ: ಆರೋಗ್ಯ ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರಿಗೆ,
ಕರ್ನಾಟಕ ಸರ್ಕಾರ

ನಮಸ್ಕಾರ ಸರ್.

ನಾನು ಅಥಣಿ ತಾಲೂಕಿನ ಒಂದು ಹಳ್ಳಿಯವಳು. ಮನೆಯಲ್ಲೇ ಬ್ಲೌಸ್ ಹೊಲಿಯುತ್ತೇನೆ. ನನ್ನ ಮಗ 2023ರ ಆಗಸ್ಟ್‌ನಲ್ಲಿ ಹುಟ್ಟಿದ. ಎರಡೂ ಪಾದ ಒಳಕ್ಕೆ ತಿರುಗಿದ್ದವು. ಅಂಗಾಲುಗಳು ಕೈಮುಗಿದ ಹಾಗೆ ಒಂದನ್ನೊಂದು ನೋಡುತ್ತಿದ್ದವು. ಡಾಕ್ಟರು ಇದಕ್ಕೆ ಕ್ಲಬ್‌ಫೂಟ್ ಅನ್ನುತ್ತಾರೆ. ಜನ ಸೊಟ್ಟಗಾಲು ಅನ್ನುತ್ತಾರೆ.

ಈಗ ಅವನಿಗೆ ಎರಡೂವರೆ ವರ್ಷ. ಓಡುತ್ತಾನೆ, ಕೋಳಿ ಅಟ್ಟಿಸಿಕೊಂಡು ಹೋಗುತ್ತಾನೆ, ಹೊಲಿಗೆ ಮಿಷನ್ನಿನ ಪೆಡಲ್ ಮೇಲೆ ನಿಂತು ನನ್ನ ಕೈಯಲ್ಲಿ ಬೈಸಿಕೊಳ್ಳುತ್ತಾನೆ. ಹಾಗಾಗಿ ಇದನ್ನು ಬರೀ ದೂರು ಅಂದುಕೊಳ್ಳಬೇಡಿ. ಅರ್ಧ ಥ್ಯಾಂಕ್ಸ್, ಅರ್ಧ ಜಗಳ.

ಮೊದಲು ಹುಟ್ಟಿದ ದಿನದ ಮಾತು. ಮಗುವನ್ನು ಒರೆಸಿ ನನ್ನ ಕೈಗೆ ಕೊಟ್ಟ ಸಿಸ್ಟರ್, "ಎಣ್ಣಿ ಹಚ್ಚಿ ತಿಕ್ಕ್ರಿ, ತಾನಾಗೇ ಸರಿ ಹೋಗ್ತದ" ಅಂದರು. ನಮ್ಮ ಅತ್ತೆ ದಿನಕ್ಕೆ ಎರಡು ಹೊತ್ತು ತಿಕ್ಕಿದರು. ಆ ಸಿಸ್ಟರ್ ಸುಳ್ಳು ಹೇಳಿದರು ಅಂತ ನಾನು ಹೇಳುವುದಿಲ್ಲ. ಹೊಟ್ಟೆಯೊಳಗೆ ಮಡಚಿಕೊಂಡು ಇದ್ದದ್ದಕ್ಕೆ ಬಾಗುವ ಪಾದವೂ ಇರುತ್ತದೆ. ಅದನ್ನು ಬೆರಳಿನಿಂದ ಮೆಲ್ಲಗೆ ತಳ್ಳಿದರೆ ನೇರಕ್ಕೆ ಬರುತ್ತದೆ, ಕೆಲವು ವಾರಗಳಲ್ಲಿ ತಾನಾಗೇ ಸರಿ ಹೋಗುತ್ತದೆ. ಸೊಟ್ಟಗಾಲು ಹಾಗಲ್ಲ. ಹಿಮ್ಮಡಿ ಮೇಲಕ್ಕೆ ಎಳೆದುಕೊಂಡಿರುತ್ತದೆ, ಅಂಗಾಲಿನ ನಡುವೆ ಆಳವಾದ ಮಡಿಕೆ ಇರುತ್ತದೆ, ತಳ್ಳಿದರೂ ಪೂರ್ತಿ ಬರುವುದಿಲ್ಲ. ಇವೆರಡರ ವ್ಯತ್ಯಾಸ ತಿಳಿಯಲು ಎಕ್ಸ್‌ರೇ ಬೇಕಿಲ್ಲ. ಗೊತ್ತಿದ್ದವರ ಕೈ ಒಂದು ನಿಮಿಷ ಮುಟ್ಟಿದರೆ ಸಾಕು. ನಮ್ಮ ಪಾಲಿಗೆ ಆ ಒಂದು ನಿಮಿಷ ಸಿಕ್ಕಿದ್ದು ಆರು ವಾರ ಕಳೆದ ಮೇಲೆ, ಆಶಾ ಅಕ್ಕ ಕೊನೆಯ ಸಲ ಬಾಣಂತಿ ಮನೆಗೆ ಬಂದಾಗ. ಅವರು ದುಪಟಿ ಸರಿಸಿ ನೋಡಿದರು. "ಇದು ತಿಕ್ಕಿದ್ರ ಹೋಗೂದಲ್ಲವ್ವಾ, ನಾಳಿಗೇ ಹೊರಡು" ಅಂದರು. ಅವರಿಗೆ ನಾನು ಇವತ್ತಿಗೂ ಬ್ಲೌಸ್ ಹೊಲಿದರೆ ದುಡ್ಡು ತಗೊಳ್ಳುವುದಿಲ್ಲ.

ಆ ಆರು ವಾರದಲ್ಲಿ ನಾನು ಕೇಳಿದ ಮಾತುಗಳನ್ನು ಬರೆದರೆ ಪತ್ರ ಮುಗಿಯುವುದಿಲ್ಲ. ಮೇ ತಿಂಗಳಲ್ಲಿ ಚಂದ್ರಗ್ರಹಣ ಇತ್ತಲ್ಲ, ಆವತ್ತು ಕತ್ತರಿ ಹಿಡಿದೆಯಾ ಅಂತ ಎಲ್ಲರೂ ಕೇಳಿದರು. ನಾನು ಟೇಲರ್. ಕತ್ತರಿ ಹಿಡಿಯದ ದಿನ ಯಾವುದಿದೆ? ಐದನೇ ತಿಂಗಳ ಸ್ಕ್ಯಾನಿನಲ್ಲೇ ಎಷ್ಟೋ ಸಲ ಕಾಣುವ ತೊಂದರೆ ಇದು. ಹೆಚ್ಚಿನ ಮಕ್ಕಳಲ್ಲಿ ಕಾರಣ ಇಂಥದ್ದೇ ಅಂತ ಹೇಳಲು ಡಾಕ್ಟರಿಗೂ ಆಗುವುದಿಲ್ಲ. ಮನೆತನದಲ್ಲಿ ಇದ್ದರೆ ಸಾಧ್ಯತೆ ಜಾಸ್ತಿ, ಹೆಣ್ಣು ಮಕ್ಕಳಿಗಿಂತ ಗಂಡು ಮಕ್ಕಳಲ್ಲಿ ಹೆಚ್ಚು ಕಡಿಮೆ ಎರಡು ಪಟ್ಟು, ಅರ್ಧದಷ್ಟು ಮಕ್ಕಳಿಗೆ ಎರಡೂ ಕಾಲು. ತಾಯಿ ಗ್ರಹಣದಲ್ಲಿ ಏನು ಹಿಡಿದಳು ಅನ್ನುವುದಕ್ಕೂ ಇದಕ್ಕೂ ಸಂಬಂಧ ಇಲ್ಲ. ಈ ಒಂದು ವಾಕ್ಯವನ್ನು ನೀವು ತಾಯಿ ಕಾರ್ಡಿನ ಮೇಲೆ ಅಚ್ಚು ಹಾಕಿಸಿದರೂ ಎಷ್ಟೋ ಸೊಸೆಯಂದಿರು ನೆಮ್ಮದಿಯಿಂದ ಉಂಡಾರು.

ನಮ್ಮ ಊರಲ್ಲಿ ಒಬ್ಬರು ಅಣ್ಣ ಇದ್ದಾರೆ. ಐವತ್ತು ದಾಟಿದೆ. ಅವರ ಕಾಲಕ್ಕೆ ಚಿಕಿತ್ಸೆ ಸಿಗಲಿಲ್ಲ. ಪಾದದ ಹೊರ ಅಂಚಿನ ಮೇಲೆ ನಡೆದು ನಡೆದು ಅಲ್ಲಿ ಚರ್ಮ ಚಪ್ಪಲಿ ಅಟ್ಟೆಯಷ್ಟು ದಪ್ಪ ಆಗಿದೆ. ಅವರಿಗೆ ಒಂದು ಹೆಸರಿದೆ, ಆದರೆ ಊರಿನವರು ಕರೆಯುವುದು ಕಾಲಿನ ಮೇಲಿನ ಹೆಸರಿನಿಂದ. ನಮ್ಮ ಅತ್ತೆ ಮೊಮ್ಮಗನ ಕಾಲು ನೋಡಿ ಅತ್ತದ್ದು ಆ ಅಣ್ಣನನ್ನು ನೆನೆಸಿಕೊಂಡು.

ಇನ್ನು ಚಿಕಿತ್ಸೆ. ಇದನ್ನು ನಾನು ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ, ಕೇಳಬೇಕು. ಯಾಕೆಂದರೆ ಮುಂದೆ ನಾನು ಕೇಳುವುದೆಲ್ಲ ಇದರ ಮೇಲೇ ನಿಂತಿದೆ.

ಪ್ಲಾಸ್ಟರ್ ಹಾಕಿ ಹಾಕಿ ಪಾದವನ್ನು ಮೆಲ್ಲಗೆ ನೇರ ಮಾಡುವ ಈ ವಿಧಾನ ಹುಡುಕಿದವರು ಇಗ್ನಾಸಿಯೊ ಪೊನ್ಸೆಟಿ ಎಂಬ ಡಾಕ್ಟರು. 1914ರಲ್ಲಿ ಸ್ಪೇನ್ ದೇಶದ ಮಿನೋರ್ಕಾ ದ್ವೀಪದಲ್ಲಿ ಹುಟ್ಟಿದವರು. ಅಪ್ಪ ಗಡಿಯಾರ ಮಾಡುವವರು, ಹುಡುಗ ಅಪ್ಪನ ಜೊತೆ ಕೂತು ರಿಪೇರಿ ಕಲಿತವನು. ಕೈಕೆಲಸದವರ ಮನೆ ಹುಡುಗ ಅಂತ ಓದಿದಾಗ ನನಗೆ ಸುಮ್ನೆ ಖುಷಿಯಾಯಿತು. ಸ್ಪೇನಿನ ಅಂತರ್ಯುದ್ಧದಲ್ಲಿ ಗಾಯಾಳುಗಳ ಮೂಳೆ ಕೂಡಿಸಿ, ದೇಶ ಬಿಟ್ಟು, 1941ರಲ್ಲಿ ಅಮೆರಿಕದ ಅಯೋವಾಗೆ ಬಂದರು. ಅಲ್ಲಿ ಹಿಂದೆ ಸೊಟ್ಟಗಾಲಿಗೆ ಆಪರೇಷನ್ ಆಗಿದ್ದವರನ್ನು ಮತ್ತೆ ಕರೆಸಿ ನೋಡಿದರು. ಪಾದಗಳು ಬಿಗಿದುಕೊಂಡಿದ್ದವು, ನೋಯುತ್ತಿದ್ದವು. ಕೊಯ್ಯುವುದರಿಂದ ನೇರ ಆದೀತು, ಮೆತ್ತಗೆ ಉಳಿಯುವುದಿಲ್ಲ ಅಂತ ಅವರಿಗೆ ಗೊತ್ತಾಯಿತು. ಹುಟ್ಟಿದ ಮಗುವಿನ ಕೀಲಿನ ಪಟ್ಟಿಗಳು ಮೆಲ್ಲಗೆ ಎಳೆದರೆ ಹಿಗ್ಗುತ್ತವೆ. ಅದನ್ನೇ ಹಿಡಿದುಕೊಂಡು ವಾರಕ್ಕೊಮ್ಮೆ ಸ್ವಲ್ಪ ತಿರುಗಿಸಿ, ಪ್ಲಾಸ್ಟರ್ ಹಾಕಿ, ಮುಂದಿನ ವಾರ ಇನ್ನೂ ಸ್ವಲ್ಪ ತಿರುಗಿಸುವ ಕ್ರಮ ಕಂಡುಹಿಡಿದರು. 1963ರಲ್ಲಿ ಬರೆದು ಪ್ರಕಟಿಸಿದರು. ಮೂವತ್ತು ವರ್ಷ ಹೆಚ್ಚಿನವರು ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಕೊನೆಗೆ ತೊಂಬತ್ತರ ದಶಕದಲ್ಲಿ ಅದನ್ನು ಊರೂರಿಗೆ ಮುಟ್ಟಿಸಿದವರಲ್ಲಿ ಇಂಟರ್ನೆಟ್ಟಿನಲ್ಲಿ ಒಬ್ಬರಿಗೊಬ್ಬರು ಬರೆದುಕೊಂಡ ಅಪ್ಪ ಅಮ್ಮಂದಿರೇ ದೊಡ್ಡ ಪಾಲು. ಈ ಪತ್ರ ಬರೆಯಲು ನನಗೆ ಧೈರ್ಯ ಬಂದದ್ದು ಅದರಿಂದಲೇ.

ನಮ್ಮ ಹುಡುಗನಿಗೆ ಆರು ಪ್ಲಾಸ್ಟರ್ ಹಾಕಿದರು. ಬೆರಳ ತುದಿ ಮಾತ್ರ ಹೊರಗೆ, ಮೊಣಕಾಲು ಮಡಚಿ ತೊಡೆಯವರೆಗೆ. ಮೊದಲ ಪ್ಲಾಸ್ಟರ್ ನೋಡಿ ಗಾಬರಿಯಾಗಿದ್ದೆ, ಪಾದ ಇನ್ನೂ ಸೊಟ್ಟ ಆದ ಹಾಗೆ ಕಾಣುತ್ತಿತ್ತು. ಮೊದಲು ಅಂಗಾಲಿನ ಮಡಿಕೆ ಬಿಡಿಸಬೇಕು, ಆಮೇಲೆ ಹೊರಕ್ಕೆ ತಿರುಗಿಸಬೇಕು, ಹಿಮ್ಮಡಿ ಕಟ್ಟಕಡೆಗೆ ಅಂತ ಡಾಕ್ಟರು ಹೇಳಿಕೊಟ್ಟರು. ಅಡ್ಡ ಎಳೆಯ ಬಟ್ಟೆ ಹೊಲಿಯುವವರಿಗೆ ಇದು ಬೇಗ ಅರ್ಥವಾಗುತ್ತದೆ. ಎಲ್ಲಿ ಹಿಡಿದು ಎಲ್ಲಿ ಬಿಡಬೇಕು ಅನ್ನುವುದೇ ಕೆಲಸ. ಮನೆಯಲ್ಲಿ ನನಗೆ ಕೊಟ್ಟ ಕೆಲಸ ಒಂದೇ: ಬೆರಳಿನ ಉಗುರು ಒತ್ತಿ ಬಿಡುವುದು. ಬೆಳ್ಳಗಾಗಿ ತಕ್ಷಣ ಕೆಂಪಗಾಗಬೇಕು. ಆಗದಿದ್ದರೆ ಓಡಿ ಬರಬೇಕು. ಪ್ಲಾಸ್ಟರ್ ಬದಲಿಸುವ ದಿನ ನಸುಕಿನಲ್ಲೇ ಬಕೆಟ್ಟಿನಲ್ಲಿ ಉಗುರು ಬೆಚ್ಚಗಿನ ನೀರಿಟ್ಟು, ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಕಾಲು ನೆನೆಸುತ್ತಿದ್ದೆ. ಸುಣ್ಣ ನೆನೆದ ಹಾಗೆ ಮೆತ್ತಗಾಗುತ್ತಿತ್ತು, ಸುತ್ತು ಸುತ್ತಾಗಿ ಬಿಚ್ಚುತ್ತಿದ್ದೆ. ವಾರವೆಲ್ಲ ಗಾಳಿ ಕಾಣದ ಆ ಪುಟ್ಟ ಕಾಲಿನ ಹುಳಿ ವಾಸನೆ ಈಗಲೂ ಮೂಗಿನಲ್ಲಿದೆ.

ಕೊನೆಗೆ ಹಿಮ್ಮಡಿಯ ನರ. ನಾವು ನರ ಅನ್ನುತ್ತೇವೆ, ಅದು ಸ್ನಾಯುವಿನ ಹಗ್ಗ. ಹತ್ತರಲ್ಲಿ ಎಂಟು ಒಂಬತ್ತು ಮಕ್ಕಳಿಗೆ ಅದನ್ನು ಸಣ್ಣ ಬ್ಲೇಡಿನಿಂದ ಕತ್ತರಿಸಲೇಬೇಕಾಗುತ್ತದೆ. ಆ ಜಾಗಕ್ಕೆ ಮಾತ್ರ ಮರಗಟ್ಟುವ ಇಂಜೆಕ್ಷನ್, ಹೊಲಿಗೆ ಇಲ್ಲ, ಕೆಲವೇ ನಿಮಿಷ. ಮೂರು ವಾರದ ಪ್ಲಾಸ್ಟರ್‌ನೊಳಗೆ ಅದು ಉದ್ದವಾಗಿ ಮತ್ತೆ ಕೂಡಿಕೊಳ್ಳುತ್ತದೆ. ಬಿಚ್ಚಿದ ದಿನ ನೋಡಿದರೆ ಪಾದ ನೆಟ್ಟಗಿತ್ತು. ನಮ್ಮ ಮನೆಯವರು ಆಸ್ಪತ್ರೆಯ ಎದುರಿನ ಅಂಗಡಿಯಿಂದ ಪೇಡಾ ತಂದು ಎಲ್ಲರಿಗೂ ಹಂಚಿದರು.

ಇಲ್ಲಿವರೆಗೆ ಒಂದು ಪೈಸೆ ಖರ್ಚಾಗಲಿಲ್ಲ ಸರ್. ಅದಕ್ಕೆ ಥ್ಯಾಂಕ್ಸ್. ಶಕ್ತಿ ಯೋಜನೆಯಿಂದ ನನ್ನ ಬಸ್ ಟಿಕೆಟ್ಟೂ ಉಳಿಯಿತು. ಥ್ಯಾಂಕ್ಸಿನ ಪಾಲು ಇಲ್ಲಿಗೆ ಮುಗಿಯಿತು.

ಪೇಡಾ ಹಂಚಿದ ದಿನ ನಮಗೆ ಗೊತ್ತಿರಲಿಲ್ಲ, ಚಿಕಿತ್ಸೆ ಶುರುವಾದದ್ದೇ ಆವತ್ತು ಅಂತ. ಎರಡು ಪುಟ್ಟ ಬೂಟು, ನಡುವೆ ಮಗುವಿನ ಭುಜದಷ್ಟು ಅಗಲದ ಒಂದು ಕಬ್ಬಿಣದ ಪಟ್ಟಿ. ಪಾದ ಹೊರಕ್ಕೆ ತಿರುಗಿ ನಿಲ್ಲುವ ಹಾಗೆ ಜೋಡಿಸಿರುತ್ತಾರೆ. ಮೊದಲ ಮೂರು ತಿಂಗಳು ದಿನಕ್ಕೆ 23 ಗಂಟೆ. ಆಮೇಲೆ ರಾತ್ರಿ ಮತ್ತು ಹಗಲಿನ ನಿದ್ದೆ ಸೇರಿ 12ರಿಂದ 14 ಗಂಟೆ. ಎಲ್ಲಿಯವರೆಗೆ? ನಾಲ್ಕು ವರ್ಷ ತುಂಬುವವರೆಗೆ. ಕೆಲವರಿಗೆ ಐದು. ಯಾಕೆಂದರೆ ಪಾದವನ್ನು ಸೊಟ್ಟ ಮಾಡಿದ ಎಳೆತ ಒಳಗೇ ಇರುತ್ತದೆ. ಪೊನ್ಸೆಟಿ ವಿಧಾನದ ಕೈಪಿಡಿಯಲ್ಲಿ ಒಂದು ಲೆಕ್ಕ ಇದೆ. ಬೂಟನ್ನು ಹೇಳಿದ ಹಾಗೆ ಹಾಕಿದ ಮನೆಗಳಲ್ಲಿ ನೂರಕ್ಕೆ 6 ಮಕ್ಕಳಿಗೆ ಪಾದ ಮತ್ತೆ ತಿರುಗುತ್ತದೆ. ಹಾಕದೆ ಬಿಟ್ಟ ಮನೆಗಳಲ್ಲಿ ನೂರಕ್ಕೆ 80ಕ್ಕೂ ಜಾಸ್ತಿ.

ಆರು ಎಲ್ಲಿ, ಎಂಬತ್ತು ಎಲ್ಲಿ! ಆದರೆ ಆ ಬೂಟನ್ನು ನಾಲ್ಕು ವರ್ಷ ಹಾಕಿಸುವುದು ಯಾರ ಕೆಲಸ ಅಂತ ಕೇಳಿದರೆ ಉತ್ತರ ಒಂದೇ, ತಾಯಿಯದು.

ತಾಯಿ ಏನೇನು ಮಾಡುತ್ತಾಳೆ ಹೇಳುತ್ತೇನೆ. ನಮ್ಮಲ್ಲಿ ಮಗುವನ್ನು ಸೀರೆಯ ಜೋಲಿಯಲ್ಲಿ ಮಲಗಿಸುತ್ತೇವೆ. ಜೋಲಿ ಎರಡೂ ಕಡೆಯಿಂದ ಒತ್ತುತ್ತದೆ, ಪಟ್ಟಿ ಹಿಡಿಸುವುದಿಲ್ಲ. ಅದಕ್ಕೆ ಜೋಲಿ ಬಿಚ್ಚಿ ನೆಲಕ್ಕೆ ಹಾಸಿದೆವು. ಮಗು ಕಾಲು ಎತ್ತಿ ಒಗೆದರೆ ಕಬ್ಬಿಣದ ಪಟ್ಟಿ ಮಗ್ಗುಲಲ್ಲಿ ಮಲಗಿದವರ ಹಲ್ಲಿಗೇ ಬೀಳುತ್ತದೆ. ನಾನು ಹತ್ತಿ ತುಂಬಿ ಪಟ್ಟಿಗೊಂದು ಗವಸು ಹೊಲಿದೆ. ಏಪ್ರಿಲ್ ಬಿಸಿಲಿಗೆ ಕಾಲು ಬೆವರಿ ಕೆಂಪಾದಾಗ ಹೊಲಿಗೆ ಒತ್ತದ ಕಾಟನ್ ಸಾಕ್ಸ್ ಮಾಡಿದೆ. ಬೂಟಿನ ಹಿಂದೆ ಹಿಮ್ಮಡಿಯ ಹತ್ತಿರ ಒಂದು ತೂತು ಇರುತ್ತದೆ. ಅದರಲ್ಲಿ ಇಣುಕಿ ನೋಡಿದರೆ ಹಿಮ್ಮಡಿ ಕೆಳಗೆ ಕೂತಿದೆಯೋ ಇಲ್ಲವೋ ಕಾಣುತ್ತದೆ. ರಾತ್ರಿ ಕರೆಂಟ್ ಹೋದಾಗ ಮೊಬೈಲ್ ಟಾರ್ಚ್ ಹಾಕಿ ಆ ತೂತು ನೋಡಿದ್ದೇನೆ. "ಕೂಸಿಗೆ ಬೇಡಿ ಹಾಕ್ಯಾರ" ಅಂತ ನೆರೆಮನೆಯವರು ಅಂದದ್ದನ್ನೂ ಕೇಳಿದ್ದೇನೆ.

ಪ್ರತಿ ತಿಂಗಳು ಒಂದನೇ ತಾರೀಕು ಅವನ ಪಾದವನ್ನು ಹಾಳೆಯ ಮೇಲಿಟ್ಟು ಸುತ್ತಲೂ ಪೆನ್ಸಿಲ್ ಎಳೆಯುತ್ತೇನೆ. ಅಳತೆ ತಗೊಳ್ಳುವುದು ನನ್ನ ಚಾಳಿ. 2024ರ ಜೂನ್ ಹಾಳೆಯಲ್ಲಿ ಬೆರಳುಗಳು ಬೂಟಿನ ಅಟ್ಟೆಯ ಅಳತೆ ದಾಟಿದ್ದವು. ಬೂಟು ಕೊಟ್ಟ ಕಡೆ ಹೋದೆವು. "ಮುಂದಿನ ಸೈಜ್ ಇಲ್ಲ, ಹದಿನೈದು ದಿನ ಬಿಟ್ಟು ಬನ್ನಿ." ಹದಿನೈದು ದಿನ ಬಿಟ್ಟು ಹೋದೆವು. "ಇನ್ನೂ ಬಂದಿಲ್ಲ, ಫೋನ್ ಮಾಡ್ತೀವಿ." ಫೋನ್ ಬರಲಿಲ್ಲ. ಹೊರಗೆ ಕೊಳ್ಳೋಣ ಅಂದರೆ ಆ ಬೆಲೆಗೆ ನಾನು ಹದಿನಾಲ್ಕು ಬ್ಲೌಸ್ ಹೊಲಿಯಬೇಕು, ಅದೂ ಹಬ್ಬವಿಲ್ಲದ ತಿಂಗಳಲ್ಲಿ. ಮನೆಯವರಿಗೆ ಒಂದು ದಿನದ ಕೂಲಿ ಹೋಗುವುದು ಬೇರೆ. ಬಿಗಿಯಾದ ಬೂಟು ಹಾಕಿದರೆ ಹುಡುಗ ಚೀರುತ್ತಿದ್ದ, ಬೆರಳು ಕೆಂಪಾಗುತ್ತಿದ್ದವು. ಅತ್ತೆ ರಾತ್ರಿ ಬಿಚ್ಚಿಡುತ್ತಿದ್ದರು, ನಾನು ನೋಡಿಯೂ ನೋಡದ ಹಾಗೆ ಇರುತ್ತಿದ್ದೆ. ತಪ್ಪು ನನ್ನದೂ ಇದೆ, ಅದನ್ನು ಮುಚ್ಚಿಡುವುದಿಲ್ಲ. ಹೀಗೆ ಏಳು ವಾರ.

ಆಗಸ್ಟ್ ಒಂದನೇ ತಾರೀಕಿನ ಹಾಳೆ ಜೂನ್ ಹಾಳೆಯ ಮೇಲಿಟ್ಟು ನೋಡಿದರೆ ಎಡಗಾಲಿನ ಮುಂಭಾಗ ಒಳಕ್ಕೆ ತಿರುಗಿತ್ತು. ಒಂದು ಬೆರಳಿನಷ್ಟು. ಡಾಕ್ಟರು ನೋಡಿ ಬೈಯಲಿಲ್ಲ. ಸುಮ್ಮನೆ ಪ್ಲಾಸ್ಟರ್ ರೋಲ್ ಕೈಗೆ ತಗೊಂಡರು. ಒಂದು ವರ್ಷದ ಹುಡುಗ, ಗೋಡೆ ಹಿಡಿದು ನಿಲ್ಲಲು ಕಲಿತಿದ್ದವನು, ಮತ್ತೆ ಮೂರು ವಾರ ಪ್ಲಾಸ್ಟರ್‌ನಲ್ಲಿ ಮಲಗಿದ. ಎರಡು ತಿಂಗಳ ಕೂಸಿಗೆ ಪ್ಲಾಸ್ಟರ್ ಹಾಕುವುದು ಬೇರೆ, ನಿಲ್ಲುವ ಆಸೆ ಹುಟ್ಟಿದ ಮಗುವಿಗೆ ಹಾಕುವುದು ಬೇರೆ.

ಅಲ್ಲಿ ಬೆಂಚಿನ ಮೇಲೆ ನನ್ನ ಪಕ್ಕ ಇದ್ದ ತಾಯಂದಿರಲ್ಲಿ ಇಬ್ಬರು ಇದೇ ಕಥೆ ಹೇಳಿದರು. ಒಬ್ಬಳ ಮಗನಿಗೆ ನಾಲ್ಕು ವರ್ಷ. ಪಾದ ನೆಟ್ಟಗೆ ಆಯಿತಲ್ಲ ಅಂತ ಒಂಬತ್ತು ತಿಂಗಳಿಗೇ ಬೂಟು ಅಟ್ಟಕ್ಕೆ ಹಾಕಿದ್ದಳಂತೆ. ಯಾರೂ ಬಂದು ಕೇಳಲಿಲ್ಲ. ಅವಳಿಗೆ ಗೊತ್ತಿರಲಿಲ್ಲ. ಸರ್, ನೀವು ಇದರಲ್ಲಿ ಯಾರ ತಪ್ಪು ಹುಡುಕುತ್ತೀರಿ?

ಸಾವಿರ ಹೆರಿಗೆಗೆ ಒಂದಾದರೂ ಸೊಟ್ಟಗಾಲು ಅನ್ನುತ್ತಾರೆ. ನಮ್ಮ ರಾಜ್ಯದಲ್ಲಿ ವರ್ಷಕ್ಕೆ ಸುಮಾರು 10 ಲಕ್ಷ ಮಕ್ಕಳು ಹುಟ್ಟುತ್ತವೆ. ಅಂದರೆ ವರ್ಷಕ್ಕೆ ಹತ್ತಿರ ಹತ್ತಿರ ಒಂದು ಸಾವಿರ ಮಕ್ಕಳು. ನಾಲ್ಕು ವರ್ಷದ ಬೂಟು ಅಂದರೆ ಯಾವುದೇ ಒಂದು ರಾತ್ರಿ ನಾಲ್ಕು ಸಾವಿರ ಮಕ್ಕಳು ಬೂಟು ಹಾಕಿಕೊಂಡು ಮಲಗಿರಬೇಕು. ಎಷ್ಟು ಮಕ್ಕಳು ಮಲಗಿದ್ದಾರೆ ಅಂತ ತೋರಿಸುವ ಲೆಕ್ಕ ಒಂದು ಬೇಕು. ಎಷ್ಟು ಪ್ಲಾಸ್ಟರ್ ಹಾಕಿದರು ಅನ್ನುವ ಲೆಕ್ಕದಿಂದ ಅದು ಗೊತ್ತಾಗುವುದಿಲ್ಲ.

ಹೊಸ ಇಲಾಖೆ, ಹೊಸ ಯೋಜನೆ ಕೇಳುತ್ತಿಲ್ಲ. 2013ರಿಂದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಇದೆ. ಮಕ್ಕಳಲ್ಲಿ ಹುಡುಕಬೇಕಾದ ತೊಂದರೆಗಳ ಅದರ ಪಟ್ಟಿಯಲ್ಲಿ ಸೊಟ್ಟಗಾಲೂ ಇದೆ, ಹುಟ್ಟುವಾಗಲೇ ಸೊಂಟದ ಕೀಲು ಜಾರಿರುವುದೂ ಇದೆ. (ಆ ಸೊಂಟದ ಮಾತೂ ಒಂದಿದೆ. ಕೂಸಿನ ಕಾಲು ನೆಟ್ಟಗಾಗಲಿ ಅಂತ ಎರಡೂ ಕಾಲು ಜೋಡಿಸಿ ಬಿಗಿಯಾಗಿ ಸುತ್ತಿ ಕಟ್ಟುತ್ತಾರಲ್ಲ, ಅದು ಸೊಂಟದ ಕೀಲಿಗೆ ಕೆಟ್ಟದ್ದು. ಕಾಲು ಅಗಲಿಸಿ ಕಂಕುಳಲ್ಲಿ ಎತ್ತಿಕೊಳ್ಳುವ ನಮ್ಮ ರೂಢಿಯೇ ಒಳ್ಳೆಯದು ಅಂತ ಡಾಕ್ಟರು ಹೇಳಿದರು. ಅತ್ತೆ ಆವತ್ತು ಇಡೀ ದಿನ ಗೆದ್ದವರ ಹಾಗೆ ಓಡಾಡಿದರು.) ಈ ಕಾರ್ಯಕ್ರಮದ ತಂಡ ವರ್ಷಕ್ಕೆ ಎರಡು ಸಲ ಅಂಗನವಾಡಿಗೆ ಬರಬೇಕು. ಆಶಾ ಅಕ್ಕಂದಿರು ಮೊದಲ 42 ದಿನದಲ್ಲಿ ಆರು ಸಲ ಮನೆಗೆ ಬರುತ್ತಾರೆ. ಆಮೇಲೆ ಮಗುವಿಗೆ 3, 6, 9, 12, 15 ತಿಂಗಳಾದಾಗಲೂ ಬರುವ ಕ್ರಮ ಇದೆ. ಅಂದರೆ ಮನೆಯ ಬಾಗಿಲಿಗೆ ಬರುವವರು ಈಗಲೇ ಇದ್ದಾರೆ. ಅವರ ಪುಸ್ತಕದಲ್ಲಿ ಎರಡೇ ಎರಡು ಸಾಲು ಸೇರಿಸಿ. ಮೊದಲ ಭೇಟಿಗೆ: ದುಪಟಿ ಸರಿಸಿ ಪಾದ ನೋಡಿದಿರಾ? ಮುಂದಿನ ಪ್ರತಿ ಭೇಟಿಗೆ: ಬೂಟು ಕಾಲಿಗೆ ಹಿಡಿಸುತ್ತಿದೆಯಾ? ಆಶಾ ಅಕ್ಕಂದಿರ ತಲೆಯ ಮೇಲೆ ಈಗಾಗಲೇ ಎಷ್ಟು ರಿಜಿಸ್ಟರ್ ಇದೆ ಅಂತ ನನಗೆ ಗೊತ್ತು. ಬೇಕಾದರೆ ಬೇರೆ ಯಾವುದಾದರೂ ಎರಡು ಸಾಲು ತೆಗೆಯಿರಿ, ಅವರೂ ಖುಷಿಪಟ್ಟಾರು. ಹದಿನೈದು ತಿಂಗಳ ನಂತರದ ಪಾಲನ್ನು ಅಂಗನವಾಡಿ ಟೀಚರ್ ನೋಡಿಕೊಳ್ಳಲಿ.

ತಾಲೂಕು ಆಸ್ಪತ್ರೆಯಲ್ಲಿ ತಿಂಗಳಿಗೆ ಒಂದು ನಿಗದಿ ದಿನ ಬೂಟು ನೋಡುವವರು ಸಿಗಲಿ. ಪ್ಲಾಸ್ಟರ್ ಕಲಿತ ಕೈ ಬೇಕು, ಅದಕ್ಕೆ ದೂರ ಹೋಗುತ್ತೇವೆ. ಬೂಟು ನೋಡಲು ಅಷ್ಟು ದೂರ ಹೋಗಬೇಕಿಲ್ಲ, ಅಲ್ವಾ?

ಇನ್ನು ಬೂಟು. ನನ್ನ ಮುಖ್ಯ ಮಾತು ಇದೇ. ನಮ್ಮ ಹುಡುಗ ಹಾಕುವ ಬೂಟಿಗೆ ಸ್ಟೀನ್‌ಬೀಕ್ ಬೂಟು ಅನ್ನುತ್ತಾರೆ. ಮೊದಲು ಮಾಡಿದ್ದು ಆಫ್ರಿಕಾದ ಉಗಾಂಡಾದಲ್ಲಿ. ಹೊರದೇಶದ ಬೂಟು ಅಲ್ಲಿನ ಬಡವರಿಗೆ ಕೈಗೆಟುಕುತ್ತಿರಲಿಲ್ಲ. ಅದಕ್ಕೆ ಸ್ಟೀನ್‌ಬೀಕ್ ಎಂಬವರು ಅಲ್ಲೇ ಸಿಗುವ ಚರ್ಮ, ಮರದ ಹಲಗೆ, ಕಬ್ಬಿಣದ ಸಲಾಕೆ ಇಟ್ಟುಕೊಂಡು, ಚಪ್ಪಲಿ ಹೊಲಿಯುವವರೂ ವೆಲ್ಡಿಂಗ್‌ನವರೂ ಮಾಡಬಲ್ಲಂಥ ಬೂಟು ತಯಾರಿಸಿದರು. ಅದೇ ಮಾದರಿ ನಮ್ಮ ದೇಶಕ್ಕೂ ಬಂತು.

ಸರ್, ನಾನು ಬರೆಯುತ್ತಿರುವುದು ಅಥಣಿಯಿಂದ. ಅಥಣಿಯಲ್ಲಿ, ನಿಪ್ಪಾಣಿಯಲ್ಲಿ ತಲೆಮಾರುಗಳಿಂದ ಚರ್ಮ ಹದ ಮಾಡಿ ಚಪ್ಪಲಿ ಹೊಲಿಯುವ ಮನೆಗಳಿವೆ. ಕೊಲ್ಹಾಪುರಿ ಅಂತ ಮಾರುವ ಎಷ್ಟೋ ಚಪ್ಪಲಿ ಹೊಲಿಯುವುದು ಇಲ್ಲೇ. 2019ರಲ್ಲಿ ಅದಕ್ಕೆ ಜಿಐ ಗುರುತು, ಅಂದರೆ ಈ ಸೀಮೆಯದ್ದೇ ಮಾಲು ಅಂತ ಹೇಳುವ ಗುರುತು, ಸಿಕ್ಕಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ನಮ್ಮ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರವೂ ಸೇರಿದವು. ನಮ್ಮ ಕಡೆಯಿಂದ ಆ ಗುರುತು ಇರುವುದು ಲಿಡ್ಕರ್ ಹೆಸರಿನಲ್ಲಿ. ಅದು ನಿಮ್ಮದೇ ಸರ್ಕಾರದ ಚರ್ಮೋದ್ಯಮದ ನಿಗಮ. 2025ರಲ್ಲಿ ಇಟಲಿಯ ಪ್ರಾಡಾ ಕಂಪನಿ ಮಿಲಾನ್ ಊರಿನ ಫ್ಯಾಷನ್ ಶೋದಲ್ಲಿ ಇಂಥದ್ದೇ ಚಪ್ಪಲಿ ಹಾಕಿಸಿ ನಡೆಸಿದಾಗ ಎಲ್ಲ ಪೇಪರಿನಲ್ಲೂ ಬಂತು. ಮಿಲಾನ್‌ವರೆಗೆ ಹೆಸರು ಹೋದ ಊರಿನಲ್ಲಿ ಹತ್ತು ತಿಂಗಳ ಮಗುವಿಗೆ ಒಂದು ಜೊತೆ ಬೂಟಿಲ್ಲ ಅಂದರೆ ಹೇಗೆ?

ಲಿಡ್ಕರ್‌ನವರನ್ನೂ ಮೂಳೆ ಡಾಕ್ಟರುಗಳನ್ನೂ ಒಂದು ಮೇಜಿಗೆ ಕೂರಿಸಿ. ಅಳತೆ ಪಕ್ಕಾ ಇರಬೇಕು, ತಿರುವಿನ ಕೋನ ಸರಿ ಇರಬೇಕು, ಹಿಮ್ಮಡಿಯ ತೂತು ಮರೆಯಬಾರದು. ಸುಮ್ನೆ ಚಂದ ಕಂಡರೆ ಸಾಲದು. ಆದರೆ ಅದನ್ನು ಕಲಿಸಬಹುದು. ನಮ್ಮ ಕುಶಲಕರ್ಮಿಗಳು ಒಂದು ನೋಟಕ್ಕೆ ಕಾಲಿನ ಅಳತೆ ಹೇಳುವವರು. ಪ್ರತಿ ಜಿಲ್ಲೆಯ ಸ್ಟೋರಿನಲ್ಲಿ ಎಲ್ಲ ಸೈಜ್ ಎರಡೆರಡು ಜೊತೆ ಹೆಚ್ಚಿಗೆ ಇಡಿ. ಮಗು ಬೆಳೆಯುವುದು ನಿಲ್ಲಿಸಿಕೊಂಡು ಟೆಂಡರಿಗೆ ಕಾಯುವುದಿಲ್ಲ.

ಈ ಪತ್ರದ ಜೊತೆ ಒಂದು ಲಕೋಟೆ ಇಟ್ಟಿದ್ದೇನೆ. ಅದರಲ್ಲಿ ನಮ್ಮ ಹುಡುಗನ ಪಾದದ ಮೂರು ಹಾಳೆ ಇದೆ. 2024ರ ಜೂನ್, ಅದೇ ವರ್ಷದ ಆಗಸ್ಟ್, ಮತ್ತೆ ಮೊನ್ನೆ ಒಂದನೇ ತಾರೀಕಿನದು. ಮೊದಲೆರಡನ್ನು ಒಂದರ ಮೇಲೊಂದಿಟ್ಟು ಕಿಟಕಿಯ ಬೆಳಕಿಗೆ ಹಿಡಿದು ನೋಡಿ. ಮೂರನೆಯದು ಬೇರೆ ಕಾರಣಕ್ಕೆ ಕಳಿಸಿದ್ದೇನೆ. ಅವನ ಈಗಿನ ಬೂಟು ಇನ್ನು ಒಂದೂವರೆ ತಿಂಗಳು ಬಂದೀತು, ಜಾಸ್ತಿ ಇಲ್ಲ. ಮುಂದಿನ ಸೈಜ್ ಬಂದಿದೆಯಾ ಅಂತ ದಯವಿಟ್ಟು ಕೇಳಿಸಿ.

ಇಂತಿ ನಿಮ್ಮ,
ಸೊಟ್ಟಗಾಲಿನ ಹುಡುಗನ ಅವ್ವ,
ಅಥಣಿ ತಾಲೂಕು